ತಾರಾಳ ಗಿಣ್ಣದ ಹಾಲು

ಹುಲಗೂರಿನ ಆಚೆ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ ಉಳಿವೆಪ್ಪನ ಕೊಟ್ಟಿಗೆಯಲ್ಲಿ ಕುದುರೆ ಇಲ್ಲದ ವರ್ಷವೇ ಇರಲಿಲ್ಲ. ಅವನ ಅಪ್ಪನ ಕಾಲದಲ್ಲಿ ಕುರಿಹಿಂಡಿನ ಜೊತೆ ಊರೂರು ತಿರುಗುವಾಗ ಗಂಟುಮೂಟೆಗಳನ್ನೂ, ನಡೆಯಲಾರದ ಕುರಿಮರಿಗಳನ್ನೂ ಹೊರುತ್ತಿದ್ದದ್ದು ಕುದುರೆಯೇ. ಈಗ ಕುರಿ ಹೋಗಿ ಗೋವಿನಜೋಳ ಬಂದಿತ್ತು. ಆದರೂ ಕುದುರೆಯೊಂದು ಉಳಿದಿತ್ತು. ಕಂದು ಮೈಯ, ಹಣೆಯಲ್ಲಿ ಬಿಳಿ ಬೊಟ್ಟಿನ ಆ ಹೆಣ್ಣುಕುದುರೆಯ ಹೆಸರು ತಾರಾ. ಮದುವೆಯ ಹಂಗಾಮಿನಲ್ಲಿ ಸವಣೂರಿನ ಅನೀಸ ಬಂದು ಅವಳನ್ನು ಮೆರವಣಿಗೆಗೆ ಒಯ್ಯುತ್ತಿದ್ದ. ಅವನ ಬಳಿ ಬೇರೆ ಕುದುರೆಗಳಿದ್ದರೂ, ಬ್ಯಾಂಡಿನ ಸದ್ದಿಗೆ, ಪಟಾಕಿಗೆ ಬೆದರದ ತಾರಾಳನ್ನೇ ಜನ ಕೇಳುತ್ತಿದ್ದರು.

ಹೊರಗೆ ಅವಳನ್ನು ಉಳಿವೆಪ್ಪನ ಕುದುರೆ ಎನ್ನುತ್ತಿದ್ದರು. ಮನೆಯಲ್ಲಿ ಅವಳು ಉಳಿವೆಪ್ಪನ ಹೆಂಡತಿ ಹೊಳೆವ್ವನ ಕುದುರೆ. ಸುತ್ತಲ ಹೊಲಗಳಲ್ಲಿ ಆಕಳು ಈಯಲಾರದೆ ಒದ್ದಾಡಿದರೆ, ಆಡು ಮರಿಯನ್ನು ಹತ್ತಿರ ಸೇರಿಸದಿದ್ದರೆ ಹೊಳೆವ್ವನನ್ನು ಕರೆಯುತ್ತಿದ್ದರು. ಹುಟ್ಟಿದ ಮರಿಯನ್ನು ಎಬ್ಬಿಸಿ ನಿಲ್ಲಿಸಿ, ತಾಯಿಯ ಮೊದಲ ಹಾಲು, ಅಂದರೆ ಗಿಣ್ಣದ ಹಾಲು, ಅದರ ಹೊಟ್ಟೆಗೆ ಸೇರುವವರೆಗೂ ಅವಳು ಅಲ್ಲಿಂದ ಕದಲುತ್ತಿರಲಿಲ್ಲ.

ತಾರಾಳ ಮೊದಲ ಮರಿ ಅನೀಸನ ಗಂಡುಕುದುರೆ ಬಾದಶಾನಿಂದ ಹುಟ್ಟಿದ್ದು. ಗಟ್ಟಿಮುಟ್ಟಾಗಿ ಬೆಳೆದು ಈಗ ಸವಣೂರಿನಲ್ಲೇ ಇತ್ತು. ಎರಡನೆಯದೂ ಬಾದಶಾನದೇ, ಗಂಡುಮರಿ. ಹುಟ್ಟುವಾಗ ಅದಕ್ಕೂ ಏನೂ ಕೊರತೆ ಇರಲಿಲ್ಲ. ಒದ್ದೆ ಮೈಯನ್ನು ಹೊಳೆವ್ವ ಗೋಣಿತಟ್ಟಿನಿಂದ ಒರೆಸಿದಳು. ಬಿದ್ದು ಎದ್ದು ನಿಂತ ಮರಿ ಕೆಚ್ಚಲು ಸಿಗದೆ ತಾಯಿಯ ಮುಂಗಾಲನ್ನೇ ಚೀಪತೊಡಗಿದಾಗ, ಅದರ ಹಿಂದೆ ತೊಡೆ ಆನಿಸಿ, ಮೂತಿ ಹಿಡಿದು ಮೊಲೆಗೆ ಹಚ್ಚಿದಳು. ಹಾಲಿನ ರುಚಿ ಸಿಕ್ಕಿದ್ದೇ ತಡ, ಮರಿ ಬಾಲ ಅಲ್ಲಾಡಿಸುತ್ತ ಗಟಗಟ ಕುಡಿಯಿತು.

"ಇನ್ನ ಇದಕ ಯಾರ ಹಂಗೂ ಇಲ್ಲ," ಎಂದು ಹೊಳೆವ್ವ ಕೈ ತೊಳೆಯಲು ಹೋದಳು.

ಮರುದಿನ ಮರಿ ಮಂಕಾಯಿತು. ನಿಂತಲ್ಲೇ ಆಕಳಿಸುತ್ತಿತ್ತು, ಕುಡಿಯಲು ಹೋಗಿ ಅರ್ಧಕ್ಕೇ ಬಿಟ್ಟು ಮಲಗುತ್ತಿತ್ತು. ಕಸ ತೆಗೆಯಲು ಬಂದ ಸೊಸೆ ಸವಿತಾ ಹುಲ್ಲಿನ ಮೇಲೆ ಏನನ್ನೋ ನೋಡಿ ನಿಂತಳು.

"ಅತ್ತೀ, ಮರಿ ಉಚ್ಚಿ ಕೆಂಪಗ ಬಂದೈತ್ರಿ. ಡಾಕ್ಟರನ್ನ ಕರಸೂಣೇನ್ರಿ?"

ಹೊಳೆವ್ವ ಮರಿಯ ರೆಪ್ಪೆ ಎತ್ತಿ ನೋಡಿದಳು. ಕಣ್ಣು ಅರಿಸಿನ ಹಚ್ಚಿದಂತೆ ಹಳದಿ. "ಕಾಮಾಲಿ ಇರಬೇಕು. ಶಕ್ತಿ ಇಲ್ಲ ಅದಕ. ತಾಯಿ ಹಾಲು ಬಿದ್ದರ ಚೇತರಿಸಿಕೊಂತೈತಿ," ಎಂದಳು. ಸಂಜೆಯವರೆಗೂ ತಾರಾಳ ಹಾಲನ್ನು ಬಟ್ಟಲಿಗೆ ಕರೆದು, ಬಟ್ಟೆ ಅದ್ದಿ ಅದ್ದಿ ಮರಿಯ ಬಾಯಿಗೆ ಹಿಂಡಿದಳು. ಮಾರನೆಯ ದಿನ ಅದು ಸತ್ತಿತು. ತಾರಾ ಆ ಜಾಗವನ್ನು ಮೂಸುತ್ತ ಎಷ್ಟೋ ದಿನ ಹುಲ್ಲು ಮುಟ್ಟಲಿಲ್ಲ.

ಸುದ್ದಿ ಕೇಳಿ ಅನೀಸ ಬಂದಿದ್ದ. "ಒಂದು ಹೋತಂತ ಕೈ ಬಿಡಬ್ಯಾಡ್ರಿ ಅಣ್ಣಾ. ತಾರಾನ್ನ ಮತ್ತೊಮ್ಮೆ ಕರಕೊಂಡು ಬರ್ರಿ," ಎಂದು ಉಳಿವೆಪ್ಪನಿಗೆ ಹೇಳಿ ಹೋದ. ಹಾಗೆ ತಾರಾ ಬಾದಶಾನಿಂದಲೇ ಮತ್ತೆ ಗಬ್ಬವಾದಳು. ಆಮೇಲೆ ಮಾತು ಹಬ್ಬಿತು. ಹುಲಗೂರಿನ ಚಹಾದಂಗಡಿಯಲ್ಲಿ ಯಾರೋ ಬಾದಶಾನ ಬೀಜವೇ ಸರಿಯಿಲ್ಲ ಅಂದರು. ಸವಣೂರಿನಲ್ಲಿ ಯಾರೋ ತಾರಾಳ ಹಾಲಿನಲ್ಲೇ ನಂಜಿದೆ ಅಂದರು. ಉಳಿವೆಪ್ಪನಾಗಲಿ ಅನೀಸನಾಗಲಿ ಆಡಿದ ಮಾತಲ್ಲ. ಆದರೂ ಅದು ಒಬ್ಬನದೆಂದು ಇನ್ನೊಬ್ಬನ ಕಿವಿಗೆ ಬಿತ್ತು. ಆ ವರ್ಷದ ಮದುವೆಗಳಿಗೆ ಅನೀಸ ತಾರಾಳನ್ನು ಕೇಳಲು ಬರಲಿಲ್ಲ. ಗಬ್ಬದ ಕುದುರೆಯನ್ನು ಕೇಳುವುದು ಹೇಗೆ ಎಂಬುದು ಇಬ್ಬರಿಗೂ ಒಳ್ಳೆಯ ನೆಪವಾಯಿತು.

ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಪಶು ಆಸ್ಪತ್ರೆಯ ಡಾಕ್ಟರು ಶ್ವೇತಾ, ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಬಂದರು. ಮೊದಲು ಹಿರೇಕೆರೂರಿನಲ್ಲಿದ್ದವರು, ಈ ಭಾಗಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಲಸಿಕೆ ಮುಗಿಸಿ ಕೈ ತೊಳೆಯುತ್ತ ತಾರಾಳ ಹೊಟ್ಟೆ ನೋಡಿದರು.

"ಇದು ಎಷ್ಟನೇದ್ರಿ ಅವ್ವಾರ?"

"ಮೂರನೇದು. ಒಂದು ಐತಿ, ಒಂದು ಹೋತು," ಅಂದಳು ಹೊಳೆವ್ವ. ಅಷ್ಟಕ್ಕೇ ಮಾತು ಮುಗಿಯಲಿ ಎನ್ನುವಂತೆ ಟವೆಲು ಚಾಚಿದಳು.

ಮೇವು ಹಾಕುತ್ತಿದ್ದ ಸವಿತಾ ತಲೆ ಎತ್ತದೆಯೇ ಹೇಳಿದಳು. "ಹುಟ್ಟಿದಾಗ ಛಲೋ ಇತ್ರಿ ಡಾಕ್ಟರ. ಹಾಲು ಕುಡದ ಮರುದಿನ ಕಣ್ಣು ಹಳದಿ ಆದ್ವು, ಉಚ್ಚಿ ಕೆಂಪಾತು."

ಶ್ವೇತಾ ಟವೆಲನ್ನು ಕೈಯಲ್ಲೇ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತರು. ಎರಡೂ ಮರಿಗಳ ತಂದೆ ಯಾರು, ಈಗಿನದರ ತಂದೆ ಯಾರು ಎಂದು ಕೇಳಿದರು. ಮೂರೂ ಬಾದಶಾನವೇ ಎಂದು ತಿಳಿದಾಗ ಟವೆಲನ್ನು ಮಡಿಚಿ ಪಕ್ಕಕ್ಕಿಟ್ಟರು.

"ಖರೇ ಏನಂತ ಪರೀಕ್ಷಾ ಮಾಡಿದ ಮ್ಯಾಲೆನ ಹೇಳಬೇಕು. ನನಗ ಅನಸಾಕತ್ತಿದ್ದನ್ನ ಹೇಳತೇನಿ. ನಮ್ಮಂಗ ಕುದುರಿಗೂ ರಕ್ತದಾಗ ಗುಂಪು ಇರತಾವು. ಮರಿಗೆ ಅಪ್ಪನ ಗುಂಪು ಬಂದು, ಅದು ಅವ್ವನ ರಕ್ತದಾಗ ಇಲ್ಲದ್ದಾದ್ರ, ಹೆರಿಗ್ಯಾಗ ಮರಿ ರಕ್ತ ಒಂಚೂರು ತಾಯಿ ಮೈಯಾಗ ಸೇರಿದಾಗ, ತಾಯಿ ಮೈ ಅದನ್ನ ಹೊರಗಿಂದು ಅಂತ ತಿಳೀತೈತಿ. ಮುಂದ ಅದು ಬಂದ್ರ ಹೊಡ್ಯಾಕ ತಯಾರಾಗಿ ಇರತೈತಿ. ಮೊದಲ್ನೇ ಮರಿಗೆ ಅದರಿಂದ ಏನೂ ಆಗಂಗಿಲ್ಲ. ಎರಡನೇದಕ್ಕೂ ಹೊಟ್ಟಿಯಾಗ ಇರೋತನಕ ಏನೂ ಆಗಂಗಿಲ್ಲ. ಆದ್ರ ಆ ಹೊಡಿಯೋ ಶಕ್ತಿ ಗಿಣ್ಣದ ಹಾಲಿನ್ಯಾಗ ಇಳೀತೈತಿ. ಮರಿ ಕುಡೀತಂದ್ರ ಅದರ ರಕ್ತ ಒಡ್ಯಾಕ ಚಾಲೂ ಆಗತೈತಿ."

"ಗಿಣ್ಣದ ಹಾಲಿನ್ಯಾಗೇನ್ರಿ?" ಹೊಳೆವ್ವನಿಗೆ ಅದೊಂದೇ ಮಾತು ಕೇಳಿಸಿದಂತಿತ್ತು.

"ಹೌದ್ರಿ. ಬ್ಯಾರೆ ಮರಿಗಳಿಗೆ ಅದ ಜೀವ. ಇಂಥ ಮರಿಗೆ ಮಾತ್ರ ಹಂಗಲ್ಲ."

"ಅದು ತಾನಾಗಿ ಕುಡೀಲಿಲ್ರಿ. ನಾನ ಮೂತಿ ಹಿಡದು ಹಚ್ಚಿದೆ. ಬ್ಯಾನಿ ಬಿದ್ದ ಮ್ಯಾಲೂ ಹಿಂಡಿ ಹಿಂಡಿ ಕುಡಿಸಿದೆ."

"ನೀವು ಹಚ್ಚದಿದ್ರ ಇನ್ನೊಂಚೂರು ಹೊತ್ತಿಗೆ ಅದ ಹುಡುಕಿಕೊಂಡು ಕುಡೀತಿತ್ತು ಅವ್ವಾರ. ಯಾವ ಮರಿ ಬಿಟ್ಟೀತು?"

ಹೊಳೆವ್ವ ತಾರಾಳ ಹತ್ತಿರ ಹೋಗಿ ನಿಂತಳು. ಡಾಕ್ಟರಿಗೆ ಚಹಾ ಮಾಡಲು ಸವಿತಾಳೇ ಒಳಗೆ ಹೋದಳು.

ಪರೀಕ್ಷೆಗೆ ಬಾದಶಾನ ರಕ್ತವೂ ಬೇಕಿತ್ತು. ಉಳಿವೆಪ್ಪ ಡಾಕ್ಟರ ಜೊತೆ ಸವಣೂರಿಗೆ ಹೋದ. ಹೊಳೆವ್ವನೂ ಹಟ ಮಾಡಿ ಗಾಡಿ ಹತ್ತಿದಳು. ಅನೀಸ ಎಲ್ಲರನ್ನೂ ಕೂರಿಸಿದ, ನೀರು ಕೊಟ್ಟ. ವಿಷಯ ಕೇಳಿದ ಮೇಲೆ ಮುಖ ಗಟ್ಟಿ ಮಾಡಿಕೊಂಡ. "ರಕ್ತ ತಗೊಂಡು ಹೋದ್ರು ಅಂದ್ರ ಊರಾಗ ಬಾದಶಾಗ ಏನೋ ರೋಗ ಅಂತಾರ್ರಿ ಮೇಡಮ್ಮ. ಈಗ ಅಂದಿದ್ದ ಸಾಕಾಗೈತಿ."

ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮಹೆಕ ಹೊಳೆವ್ವನ ಮುಖವನ್ನೇ ನೋಡುತ್ತಿದ್ದಳು. "ಅನ್ನೋರು ಹ್ಯಾಂಗೂ ಅಂತಾರ. ಆ ಹೊಟ್ಟಿಯಾಗಿರೋ ಮರೀನೂ ನಮ್ಮ ಬಾದಶಾಂದ ಅಲ್ಲೇನು? ತಗೋಲಿ ಬಿಡ್ರಿ," ಎಂದಳು.

ಆಸ್ಪತ್ರೆಯಲ್ಲಿ ತಾರಾಳ ರಕ್ತದ ತಿಳಿಯನ್ನು ಬಾದಶಾನ ರಕ್ತಕ್ಕೆ ಬೆರೆಸಿ ಶ್ವೇತಾ ಗಾಜಿನ ಪಟ್ಟಿಯ ಮೇಲೆ ತೋರಿಸಿದರು. ಪಕ್ಕದಲ್ಲಿ ಬೇರೊಂದು ಕುದುರೆಯ ರಕ್ತವಿತ್ತು, ಅದು ನುಣ್ಣಗೆ ಹರಡಿಕೊಂಡಿತ್ತು. ಬಾದಶಾನದು ಒಡೆದ ಹಾಲಿನ ಹಾಗೆ ಗರಣೆಗಟ್ಟಿತ್ತು.

"ಹಂಗಾರ ದೋಷ ನಮ್ಮದ," ಅಂದ ಅನೀಸ, ತಗ್ಗಿದ ದನಿಯಲ್ಲಿ.

"ಯಾರದೂ ಅಲ್ರಿ. ಬ್ಯಾರೆ ಕುದುರಿ ಜೋಡಿ ಬಾದಶಾ ಛಲೋ, ಬ್ಯಾರೆ ಕುದುರಿ ಜೋಡಿ ತಾರಾನೂ ಛಲೋ. ಈ ಎರಡು ಕೂಡಿದ್ರ ಮಾತ್ರ ಮರಿಗೆ ಕುತ್ತು. ಅದೂ ಮೊದಲ ಒಂದೆರಡು ದಿನ. ಆಮ್ಯಾಲೆ ಮರಿ ಕರುಳು ಆ ಶಕ್ತೀನ ರಕ್ತಕ್ಕ ಬಿಟ್ಟುಕೊಡಂಗಿಲ್ಲ. ತಾಯಿ ಹಾಲೂ ತಿಳಿ ಆಗಿರತೈತಿ. ಅಲ್ಲೀತನಕ ಈ ತಾಯಿ ಹಾಲು ತಪ್ಪಿಸಿ, ಬ್ಯಾರೆ ಕುದುರಿ ಗಿಣ್ಣ ಕುಡಿಸಿದ್ರ ಮರಿ ಉಳೀತೈತಿ."

ಉಳಿವೆಪ್ಪ ಮತ್ತು ಅನೀಸ ಗಾಜಿನ ಪಟ್ಟಿಯನ್ನೇ ನೋಡುತ್ತ ನಿಂತಿದ್ದರು. ಇಷ್ಟು ತಿಂಗಳು ಮಾತು ಬಿಟ್ಟಿದ್ದಕ್ಕೆ ಅಲ್ಲಿ ಕಾರಣವೇ ಇರಲಿಲ್ಲ. ಕೊನೆಗೆ ಉಳಿವೆಪ್ಪ, "ಚಹಾ ಕುಡಿಯೂಣು ನಡಿ ಅನೀಸ," ಎಂದ.

ಬೇರೆ ಕುದುರೆಯ ಗಿಣ್ಣ ಎಲ್ಲಿಂದ ತರುವುದು ಎಂಬುದಕ್ಕೆ ಶ್ವೇತಾ ದಾರಿ ತೋರಿಸಿದರು. ಹಿರೇಕೆರೂರಿನ ಹತ್ತಿಯ ವ್ಯಾಪಾರಿ ಫಕ್ಕೀರಪ್ಪನವರಿಗೆ ಕುದುರೆ ಸಾಕುವ ಖಯಾಲಿ. ಅವರ ಎಳೆಯ ಕುದುರೆಯೊಂದು ಕೆಲವು ವಾರಗಳ ಹಿಂದೆ ಚೊಚ್ಚಲ ಗಂಡುಮರಿ ಹಾಕಿತ್ತು. ಆಗ ಮರಿಗೆ ಸಾಕಾಗಿ ಮಿಕ್ಕ ಗಿಣ್ಣವನ್ನು, ಯಾವುದಾದರೂ ತಬ್ಬಲಿ ಮರಿಗೆ ಬೇಕಾದೀತೆಂದು, ಬಾಟಲಿಗಳಲ್ಲಿ ಹೆಪ್ಪುಗಟ್ಟಿಸಿ ಇಡಲು ಶ್ವೇತಾ ಅವರೇ ಹೇಳಿದ್ದರು. ಚೊಚ್ಚಲದ್ದಾದ್ದರಿಂದ ಅದರಲ್ಲಿ ಅಪಾಯ ಕಡಿಮೆ. ಅದನ್ನು ತರಲು ಅನೀಸ ತಾನೇ ಹೊರಟ. ಮಂಜುಗಡ್ಡೆಯ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದವನು, ದಾರಿಯಲ್ಲಿ ಹಾನಗಲ್ಲಿನಲ್ಲಿ ನಿಂತು, ಕರಗುತ್ತಿದ್ದ ಮಂಜುಗಡ್ಡೆಯನ್ನು ಚೆಲ್ಲಿ ಹೊಸದನ್ನು ತುಂಬಿಸಿಕೊಂಡ. ತಾರಾ ಈಯುವವರೆಗೆ ಆ ಬಾಟಲಿಗಳು ಮಹೆಕಳ ಫ್ರಿಜ್ಜಿನಲ್ಲಿದ್ದವು.

ಒಂದು ಸಂಜೆ ತಾರಾಳ ಮೊಲೆತುದಿಯಲ್ಲಿ ಮೇಣದಂಥ ಹನಿ ಕಾಣಿಸಿತು, ಈಯುವ ಹೊತ್ತು ಹತ್ತಿರವಾದ ಗುರುತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೆಣ್ಣುಮರಿ ಹುಟ್ಟಿತು. ಹೊಳೆವ್ವ ಅದನ್ನು ಒರೆಸುವಾಗಲೇ ಉಳಿವೆಪ್ಪ ಬಾಯಿಕುಕ್ಕೆ ಹಿಡಿದು ನಿಂತಿದ್ದ. ಬಿತ್ತನೆಯ ಹೊತ್ತಿನಲ್ಲಿ ಎತ್ತುಗಳ ಬಾಯಿಗೆ ಕಟ್ಟುವ ಹುರಿಯ ಕುಕ್ಕೆ. ಅದನ್ನೇ ಮರಿಯ ಮೂತಿಯ ಅಳತೆಗೆ ಚಿಕ್ಕದಾಗಿ ಹೆಣೆದಿದ್ದ. ಶ್ವೇತಾ ಬಂದು ಮರಿಯ ರಕ್ತ ತೆಗೆದರು. ಒಂದು ಹನಿಯನ್ನು ತಾರಾಳ ಗಿಣ್ಣಕ್ಕೆ ಬೆರೆಸಿದಾಗ ಗರಣೆ ಕಟ್ಟಿತು. ಇನ್ನೊಂದನ್ನು, ಸ್ವಲ್ಪವೇ ಕರಗಿಸಿದ ಹಿರೇಕೆರೂರಿನ ಗಿಣ್ಣಕ್ಕೆ ಬೆರೆಸಿದಾಗ ಏನೂ ಆಗಲಿಲ್ಲ. ಆಮೇಲೆ ಅನೀಸ ತಂದ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಪೂರ್ತಿ ಕರಗಿಸಿದರು. ಸವಿತಾ ಮರಿಯ ಕುತ್ತಿಗೆಯನ್ನು ಮಡಿಲಿಗೆ ತೆಗೆದುಕೊಂಡು ಕುಡಿಸಿದಳು. ಮರಿ ಕಣ್ಣು ಮುಚ್ಚಿ ಕುಡಿಯಿತು. ಗಿಣ್ಣ ಮುಗಿದ ಮೇಲೆ ಅದೇ ಬಾಟಲಿಯಲ್ಲಿ ಆಡಿನ ಹಾಲು ಕುಡಿಸತೊಡಗಿದರು.

ಅದಾದ ಮೇಲೆ ಕಾಯುವುದು ಶುರುವಾಯಿತು. ಕೊಟ್ಟಿಗೆಯ ನಡುವೆ ಅಡ್ಡಲಾಗಿ ಬಿದಿರಿನ ಗಳು ಕಟ್ಟಿ, ತಾಯಿಗೆ ಮರಿಯನ್ನು ಮೂಸಲು ಆಗುವಂತೆ, ಮರಿಗೆ ಕೆಚ್ಚಲು ಎಟುಕದಂತೆ ಮಾಡಿದ್ದರು. ತಾರಾ ಗಳುವಿನ ಮೇಲಿಂದ ಕುತ್ತಿಗೆ ಚಾಚಿ ಮರಿಯ ಬೆನ್ನು ನೆಕ್ಕುತ್ತಿದ್ದಳು. ಸ್ವಲ್ಪ ಹೊತ್ತಿಗೊಮ್ಮೆ ಎದೆಯೊಳಗಿಂದ ಸಣ್ಣಗೆ ಕರೆಯುತ್ತಿದ್ದಳು. ಮರಿ ಓಗೊಟ್ಟು ಕುಕ್ಕೆ ಕಟ್ಟಿದ ಮೂತಿಯನ್ನು ಗಳುವಿಗೆ ಉಜ್ಜುತ್ತಿತ್ತು.

ಕೆಚ್ಚಲನ್ನು ಆಗಾಗ ಬರಿದು ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಆ ಕೆಲಸ ಹೊಳೆವ್ವನದು. ಬಟ್ಟಲಿಗೆ ಇಳಿದ ಗಿಣ್ಣ ಹಳದಿಯಾಗಿ, ಮಂದವಾಗಿ, ಬೆರಳಿಗೆ ಅಂಟುತ್ತಿತ್ತು. ಅಷ್ಟು ಒಳ್ಳೆಯ ಗಿಣ್ಣವನ್ನು ಯಾವ ಪಶುವಿನಲ್ಲೂ ಕಂಡಿರಲಿಲ್ಲ ಅನ್ನಿಸಿತು ಅವಳಿಗೆ. ಅದನ್ನು ತುಳಿಯುವ ಕಡೆ ಚೆಲ್ಲಲು ಮನಸ್ಸಾಗದೆ, ಬೇವಿನ ಗಿಡದ ಬುಡದಲ್ಲಿ ಕುಣಿ ತೋಡಿ ಸುರಿದು ಮಣ್ಣು ಮುಚ್ಚಿದಳು.

ಮಗ್ಗುಲ ಹೊಲದ ದಾನವ್ವ ಮರಿ ನೋಡಲು ಬಂದವಳು ಗಳುವಿನ ಹತ್ತಿರ ನಿಂತು ಬಾಯಿಗೆ ಸೆರಗು ಹಿಡಿದಳು. "ಹೊಳೆವ್ವಾ, ಹಸಿಮರಿ ಬಾಯಿಗೆ ಕುಕ್ಕಿ ಕಟ್ಟೀಯಲ್ಲ ಬೇ. ನೋಡಾಕ ಆಗವಲ್ದು."

"ನನಗೂ ಆಗವಲ್ದು. ಅದಕ್ಕ ಅದರ ಕಡೆ ಬೆನ್ನು ಮಾಡಿ ಕುಂತೇನಿ."

"ತಾಯಿ ಹಾಲು ಎಲ್ಯಾರ ವಿಷ ಆಗತೈತೇನು?"

"ವಿಷ ಅಲ್ಲ ದಾನವ್ವಾ. ಅದರ ಮೈ ತನ್ನನ್ನ ತಾ ಕಾಯಾಕ ಮಾಡಿಕೊಂಡಿದ್ದು ಮರಿಗೆ ಎರವಾಗೈತಿ. ಅದಕ ಏನು ಗೊತ್ತು, ಪಾಪ." ಡಾಕ್ಟರು ಹೇಳಿದ್ದು ತನಗೆ ಅರ್ಥವಾಗಿದೆ ಎಂಬುದು ಹೊಳೆವ್ವನಿಗೆ ತನ್ನ ಬಾಯಿಂದ ಆ ಮಾತು ಬಂದಾಗಲೇ ತಿಳಿಯಿತು.

ಎರಡನೆಯ ದಿನ ಮಧ್ಯಾಹ್ನ ಹೊಳೆವ್ವ ತಾರಾಳ ಕೆಚ್ಚಲು ಬರಿದು ಮಾಡಲು ಕೂತಿದ್ದಳು. ಮರಿಯ ಹಗ್ಗ ಸವಿತಾಳ ಕೈಯಲ್ಲಿತ್ತು. ಗಿಣ್ಣ ತಿಳಿಯಾಗುತ್ತ ಬಂದಿತ್ತು. ಕಂಬಕ್ಕೆ ಮೂತಿ ಉಜ್ಜುತ್ತಿದ್ದ ಮರಿ ಕುಕ್ಕೆಯನ್ನು ಕಳಚಿಕೊಂಡದ್ದು, ಹಗ್ಗ ಜಗ್ಗಿ ಗಳುವಿನ ಕೆಳಗೆ ನುಸುಳಿದ್ದು ಒಂದೇ ಗಳಿಗೆಯಲ್ಲಿ. ಹೊಳೆವ್ವ ಅದನ್ನು ನೋಡಲಿಲ್ಲ, ಸದ್ದು ಕೇಳಿದಳು. ತಾರಾಳ ಆಚೆ ಬದಿಯಿಂದ ಬಂದ, ಮೊಲೆ ಕಚ್ಚಿದ ಮರಿಯ ಗಟಗಟ ಸದ್ದು. ತಾರಾ ಕರೆಯುವುದನ್ನು ನಿಲ್ಲಿಸಿ, ಕಿವಿ ಇಳಿಬಿಟ್ಟು, ಕಾಲು ಸಡಿಲಿಸಿ ನಿಂತಳು.

ಒಂದು ಕ್ಷಣ ಹೊಳೆವ್ವನ ಕೈ ಏಳಲಿಲ್ಲ. ಆಯುಷ್ಯವಿಡೀ ಎಷ್ಟೋ ಕೊಟ್ಟಿಗೆಗಳಲ್ಲಿ ಆ ಸದ್ದು ಕೇಳಲೆಂದೇ ಅವಳು ಕಾದು ಕೂತಿದ್ದಳು. ಆಮೇಲೆ ಹೊಟ್ಟೆಯ ಕೆಳಗಿಂದ ಕೈ ತೂರಿಸಿ, ಮರಿಯ ದವಡೆಗೆ ಬೆರಳು ಕೊಟ್ಟು ಬಾಯಿ ಬಿಡಿಸಿದಳು. ಎದ್ದು ಬಂದು ಅದರ ಎದೆಗೆ ಎರಡೂ ತೋಳು ಹಾಕಿ ಹಿಂದಕ್ಕೆ ದೂಡಿದಳು. ಮರಿ ಒದೆಯಿತು. ತಾರಾ ತಿರುಗಿ ಹಲ್ಲು ತೋರಿಸಿದಳು. ಎಂದೂ ಹೊಳೆವ್ವನಿಗೆ ಹಾಗೆ ಮಾಡಿದವಳಲ್ಲ.

"ನನ್ನ ಕೈಯಾಗಿಂದ ಜಾರಿತ್ರಿ ಅತ್ತೀ," ಎಂದಳು ಸವಿತಾ.

"ಇರಲಿ. ಮೊದಲ ಫೋನ್ ಹಚ್ಚು."

ಶ್ವೇತಾ ಫೋನಿನಲ್ಲಿ ಎಲ್ಲ ಕೇಳಿದರು. ಹೊತ್ತು ಸಾಕಷ್ಟು ಕಳೆದಿದೆ, ಕೆಚ್ಚಲನ್ನೂ ಬರಿದು ಮಾಡುತ್ತಲೇ ಇದ್ದೀರಿ, ಬಹುಶಃ ಏನೂ ಆಗಲಿಕ್ಕಿಲ್ಲ, ಆದರೆ ಮಾತು ಕೊಡಲಾರೆ, ಉಚ್ಚೆಯ ಬಣ್ಣ ನೋಡುತ್ತಿರಿ, ಸಂಜೆಗೆ ಬರುತ್ತೇನೆ ಅಂದರು. ಮರಿ ಮಲಗುವ ಹುಲ್ಲಿನ ಮೇಲೆ ಸವಿತಾ ಹಳೆಯ ಬಿಳಿ ಪಂಜೆಯೊಂದನ್ನು ಹಾಸಿದಳು. ಅತ್ತೆ ಸೊಸೆ ಇಬ್ಬರೂ ಗಳುವಿಗೆ ಆನಿಕೊಂಡು ಕೂತರು.

ಬಹಳ ಹೊತ್ತಿನ ಮೇಲೆ ಹೊಳೆವ್ವ, "ಆವತ್ತು ನೀ ಡಾಕ್ಟರನ್ನ ಕರಸೂಣು ಅಂದಿದ್ದಿ," ಎಂದಳು.

"ಕರಸಿದ್ರೂ ಉಳೀತಿತ್ತೋ ಇಲ್ಲೋ, ಯಾರಿಗೆ ಗೊತ್ರಿ ಅತ್ತಿ."

"ಅದು ಖರೆ. ಆದ್ರೂ ನಿನ್ನ ಮಾತು ನಾ ಕೇಳಬೇಕಿತ್ತು. ನನಗ ಗೊತ್ತಿದ್ದಿದ್ದು ಭಾಳ ಇತ್ತಲ್ಲ, ಅದಕ್ಕ ಕೇಳಲಿಲ್ಲ."

ಸವಿತಾ ಅತ್ತೆಯ ಕೈಗೆ ಅಂಟಿದ್ದ ಹುಲ್ಲಿನ ಎಸಳನ್ನು ತೆಗೆದು ಬದಿಗೆ ಹಾಕಿದಳು.

ಬಿಸಿಲು ಇಳಿಯುವಾಗ ಮರಿ ಎದ್ದು, ಹಿಂಗಾಲು ಅಗಲಿಸಿ ನಿಂತು, ಪಂಜೆಯ ಮೇಲೆಯೇ ಉಚ್ಚೆ ಹೊಯ್ದಿತು. ಇಬ್ಬರೂ ಒಟ್ಟಿಗೆ ಬಾಗಿದರು. ಬಟ್ಟೆ ಒದ್ದೆಯಾಗಿತ್ತು, ಅಷ್ಟೇ. ತಿಳಿಹುಲ್ಲಿನ ಬಣ್ಣ. ಹೊಳೆವ್ವ ಪಂಜೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ನೋಡಿದಳು. ಆಮೇಲೆ ಅದನ್ನು ಸವಿತಾಳಿಗೆ ಕೊಟ್ಟು ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡಳು.

ಸಂಜೆ ಶ್ವೇತಾ ಬಂದು ವಸಡು, ಕಣ್ಣು ನೋಡಿದರು. ತಾರಾಳ ಹಾಲನ್ನು ಮತ್ತೊಮ್ಮೆ ಮರಿಯ ರಕ್ತದ ಜೊತೆ ಬೆರೆಸಿದರು. ಈ ಸಲ ಎರಡೂ ಹೊಂದಿಕೊಂಡಿದ್ದವು. "ಮುಂಜಾನಿತನಕ ಬಾಟಲಿ ನಡೀಲಿ. ಆಮ್ಯಾಲೆ ಬಿಡ್ರಿ," ಎಂದರು.

ಬೆಳಿಗ್ಗೆ ಗಳು ಬಿಚ್ಚಿದಾಗ ಮರಿ ತಾಯಿಯ ಹತ್ತಿರ ಹೋಗಲಿಲ್ಲ, ಸವಿತಾಳ ಹಿಂದೆ ಹೋಯಿತು. ಅದಕ್ಕೆ ಹಾಲೆಂದರೆ ಬಾಟಲಿ ಎಂದಾಗಿಬಿಟ್ಟಿತ್ತು. ತಾರಾ ಒಮ್ಮೆ ಮೂಸಿ, ಡಾಕ್ಟರ ಕೈ, ಬಾಟಲಿ, ಆಡಿನ ಹಾಲು, ಎಲ್ಲದರ ವಾಸನೆ ಹಿಡಿದು ಪಕ್ಕಕ್ಕೆ ಸರಿದಳು. ಅನೀಸ ತಾರಾಳ ಮುಖದ ಹತ್ತಿರ ನಿಂತು, ಮೆರವಣಿಗೆಯಲ್ಲಿ ಮಾತಾಡಿಸುವ ಹಾಗೆ ಮೆಲ್ಲಗೆ ಮಾತಾಡಿಸುತ್ತ ಇದ್ದ. ಸವಿತಾ ಬಾಟಲಿಯನ್ನು ಕೆಚ್ಚಲಿನ ಪಕ್ಕಕ್ಕೆ ಒಯ್ದು ಮರಿಯನ್ನು ಕರೆತಂದಳು. ಅಲ್ಲಿ ಬಾಟಲಿ ತೆಗೆದಾಗ ಮರಿ ಸಿಟ್ಟಿನಿಂದ ಮೂತಿ ಹಾಯಿಸಿತು, ಮೊಲೆ ಸಿಕ್ಕಿತು. ಅರ್ಧ ದಿನ ಹೀಗೆಯೇ ಸಾಗಿ, ಕೊನೆಗೆ ತಾಯಿ ಮರಿ ಒಬ್ಬರನ್ನೊಬ್ಬರು ಒಪ್ಪಿಕೊಂಡರು.

ಆಮೇಲೂ ಎಷ್ಟೋ ದಿನ ಮರಿ ಕೆಚ್ಚಲಿಗೆ ಬಾಯಿ ಹಾಕಿದಾಗೆಲ್ಲ ಹೊಳೆವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದಳು. ಬೇರೆಯವರ ಕೊಟ್ಟಿಗೆಗೆ ಕರೆದಾಗ ಹೋಗುತ್ತಿದ್ದಳು. ಕರುವನ್ನು ಮೊಲೆಗೆ ಹಚ್ಚುತ್ತಲೂ ಇದ್ದಳು. ಆದರೆ ಮೊದಲು, ಇದರ ಹಿಂದಿನದು ಹೇಗಿತ್ತು ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ಫಕ್ಕೀರಪ್ಪ ಮರಿ ನೋಡಲು ಹಿರೇಕೆರೂರಿನಿಂದ ಬಂದರು. ಅನೀಸ, ಮಹೆಕ ಕೂಡ ಬಂದಿದ್ದರು. ಕಟಾವಾದ ಗೋವಿನಜೋಳದ ಹೊಲದಲ್ಲಿ ತಾಯಿಯ ಸುತ್ತ ಓಡುತ್ತಿದ್ದ ಮರಿಯನ್ನು ಫಕ್ಕೀರಪ್ಪ ಕಣ್ತುಂಬ ನೋಡಿದರು. ತಾರಾಳನ್ನು ಇನ್ನು ಮುಂದೆ ತಮ್ಮಲ್ಲಿಯ ಗಂಡುಕುದುರೆಗೆ ಕರೆತರಬಹುದು, ಮೊದಲು ಎರಡರ ರಕ್ತವನ್ನೂ ನೋಡಿಸೋಣ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಉಳಿವೆಪ್ಪ, ಇನ್ನೊಂದು ಮಾತು ಐತಿ. ನಮ್ಮದು ಗಂಡುಮರಿ, ನಿಮ್ಮದು ಹೆಣ್ಣಮರಿ. ಬೆಳೆದ ಮ್ಯಾಲೆ ಜೋಡಿ ಮಾಡೂಣಂತ ನನ್ನ ಮನಸ್ಸಿನ್ಯಾಗ ಐತಿ."

ಮಹೆಕ ನಕ್ಕಳು. "ಅದು ನಡ್ಯಂಗಿಲ್ರಿ ಸಾವಕಾರ್ರ. ನಮ್ಮೊಳಗ ಒಬ್ಬ ತಾಯಿ ಹಾಲು ಕುಡದವರು ಅಣ್ಣ ತಂಗಿ ಆಗತಾರ್ರಿ. ಮದಿವಿ ಮಾಡಂಗಿಲ್ಲ. ಈ ಮರಿ ನಿಮ್ಮ ಕುದುರಿ ಹಾಲು ಕುಡದೈತಿ."

"ಕುದುರಿಗೂ ಆ ಲೆಕ್ಕಾನ ಏನವ್ವ?"

"ಕುದುರಿಗೆ ಇಲ್ರಿ," ಎಂದ ಅನೀಸ ಹೆಂಡತಿಯ ಕಡೆ ನೋಡಿ. "ಆದ್ರ ಇಕಿ ಫ್ರಿಜ್ಜಿನ್ಯಾಗ ಇಟ್ಟುಕೊಂಡಾಕಿ. ಇಕಿ ಹೇಳಿದಂಗ ಕೇಳಬೇಕು."

ಫಕ್ಕೀರಪ್ಪನವರೂ ನಕ್ಕರು. ಯಾವುದಕ್ಕೂ ಶ್ವೇತಾ ಡಾಕ್ಟರನ್ನು ಒಂದು ಮಾತು ಕೇಳೋಣ ಎಂದು ಮಾತು ಅಲ್ಲಿಗೆ ನಿಂತಿತು. ಹೊಳೆವ್ವ ಹೊಲದ ಕಡೆಗೇ ನೋಡುತ್ತಿದ್ದಳು. ಒಂದು ಮರಿಗೆ ಇಷ್ಟು ಊರುಗಳ ಬಂಧುಗಳು ಕೂಡಿದರಲ್ಲ ಅನ್ನಿಸಿತು. ಬದನೆಕಾಯಿ ಪಲ್ಯ ಒಲೆಯ ಮೇಲಿತ್ತು.

"ಒಳಗ ಬರ್ರಿ ಎಲ್ಲಾರೂ. ರೊಟ್ಟಿ ಬಿಸಿ ಅದಾವು," ಎಂದು ಕರೆದು, ಸವಿತಾಳ ಜೊತೆ ತಟ್ಟೆ ಹಾಕಲು ಹೋದಳು.